ಗುಬ್ಬಿ, ಚುಕ್ಕಿ ಮತ್ತು ಒಂದು ಚಮಚ ಮಣ್ಣು

ಮಣ್ಣು ಮೇಷ್ಟ್ರು ಆ ಬೆಳಿಗ್ಗೆ ಎಲ್ಲರ ಹಾಗೆ ಫೋನನ್ನು ಕಿವಿಗಿಟ್ಟುಕೊಂಡು ಮಾತಾಡಿದ್ದರೆ ಮುಂದಿನ ರಗಳೆಯೊಂದೂ ಇರುತ್ತಿರಲಿಲ್ಲ. ಆದರೆ ಅವರ ಬಲಗಿವಿ ಸ್ವಲ್ಪ ಮಂದ, ಎಡಗಿವಿಗೆ ಹಿಡಿದರೆ ಕೈ ಸೋಲುತ್ತದೆ. ಹಾಗಾಗಿ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಸ್ಪೀಕರ್ ಹಾಕಿ, ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವುದು ಅವರ ಪದ್ಧತಿ. ಹೆಂಡತಿ ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಕಿಟಕಿಯಾಚೆ, ಗೋಡೆಯ ಆ ಕಡೆ, ನೆರೆಮನೆಯ ನಿವೃತ್ತ ವಕೀಲರು ಕುಂಡಗಳಿಗೆ ನೀರು ಹಾಕುತ್ತ, ನೀರು ತುಂಬಿ ಹೊರಗೆ ಹರಿಯುತ್ತಿದ್ದರೂ ಅಲ್ಲಿಂದ ಕದಲದೆ ನಿಂತಿದ್ದರು.

ಫೋನಿನಲ್ಲಿದ್ದವಳು ಕಡ್ಡಿ, ಮೇಷ್ಟ್ರ ಹಳೆಯ ಶಿಷ್ಯೆ. ಓದುವ ಕಾಲದಲ್ಲಿ ಜೋರಾಗಿ ಗಾಳಿ ಬೀಸಿದರೆ ಎಲ್ಲಿ ಹಾರಿಹೋಗುತ್ತಾಳೋ ಎನ್ನುವಷ್ಟು ತೆಳ್ಳಗಿದ್ದಳು. ಈಗ ಮೈ ತುಂಬಿಕೊಂಡು, ದೊಡ್ಡ ವಿಜ್ಞಾನಿಯಾಗಿ, ನಾಲ್ಕು ದೇಶ ಸುತ್ತಿ ಬಂದಿದ್ದರೂ ಇವರ ಬಾಯಲ್ಲಿ ಕಡ್ಡಿಯೇ.

ವಿಷಯ ಇಷ್ಟು. ಮಣ್ಣಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳ ಒಂದು ದೊಡ್ಡ ವಂಶವಿದೆ. ಮಳೆ ಬಿದ್ದ ಕೂಡಲೇ ನೆಲದಿಂದ ಒಂದು ವಾಸನೆ ಏಳುತ್ತದಲ್ಲ, ಅದು ಈ ವಂಶದವರ ಕೈವಾಡ. ಮೇಷ್ಟ್ರ ಯೌವನದ ದಿನಗಳಲ್ಲಿ ಇವುಗಳನ್ನು ಬಣ್ಣ ನೋಡಿ, ಊಟ ನೋಡಿ ವಿಂಗಡಿಸುತ್ತಿದ್ದರು. ಬೂದು ಬಣ್ಣದ್ದು ಒಂದು ಮನೆ, ಬಿಳಿಯದು ಇನ್ನೊಂದು ಮನೆ, ಸಕ್ಕರೆ ಇಷ್ಟಪಡುವುದು ಈ ಕಡೆ, ಮುಟ್ಟದ್ದು ಆ ಕಡೆ. ಈಗ ಆ ಕಾಲ ಹೋಯಿತು. ಒಳಗಿನ ಜೀನಿನ ಅಕ್ಷರಗಳನ್ನೇ ಒಂದೊಂದಾಗಿ ಓದಿ, ಯಾರು ಯಾರ ಮಗ, ಯಾರು ಯಾರ ದಾಯಾದಿ ಎಂದು ಹೇಳಿಬಿಡುತ್ತಾರೆ. ಕಡ್ಡಿ ಆ ವಂಶದವರೆಲ್ಲರ ಜೀನುಗಳನ್ನು ಓದಿ ಹೊಸ ವಂಶವೃಕ್ಷ ಬರೆದಿದ್ದಳು. ಅಣ್ಣತಮ್ಮಂದಿರು ಎಂದುಕೊಂಡವರು ದೂರದ ನೆಂಟರೂ ಅಲ್ಲವೆಂದಾಗಿತ್ತು. ಒಂದಕ್ಕೊಂದು ಸಂಬಂಧವೇ ಇಲ್ಲ ಎಂದುಕೊಂಡವು ಒಂದೇ ತಾಯಿಯ ಮಕ್ಕಳಾಗಿದ್ದವು.

“ಸರ್, ನಿಮ್ಮ ಗುಬ್ಬಿ, ಗಾಜು ಸರ್ ಅವರ ಚುಕ್ಕಿ, ಎರಡೂ ಒಂದೇ ಸರ್,” ಎಂದಳು ಕಡ್ಡಿ. “ಅಕ್ಷರ ಅಕ್ಷರ ಕೂಡಿ ಬರ್ತಾ ಇದೆ. ಇನ್ನು ಒಂದೇ ಜೀವಕ್ಕೆ ಎರಡು ಹೆಸರು ಇರೋ ಹಾಗಿಲ್ಲ. ಒಂದು ಹೋಗಬೇಕು.”

ಪಾತ್ರೆ ತೊಳೆಯುವ ಸದ್ದು ನಿಂತಿತು. ಆಚೆ ಕಡೆ ನೀರಿನ ಸದ್ದೂ ನಿಂತಿತು.

ಯಾವುದು ಹೋಗಬೇಕು ಎಂದು ಮೇಷ್ಟ್ರು ಕೇಳಿದ್ದಕ್ಕೆ ಕಡ್ಡಿ ನಿಯಮ ವಿವರಿಸಿದಳು. ಎರಡು ಹೆಸರಿದ್ದರೆ ಮೊದಲು ಪ್ರಕಟವಾದದ್ದು ಉಳಿಯಬೇಕು. ಆದರೆ ಗುಬ್ಬಿ ಮತ್ತು ಚುಕ್ಕಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ, ಒಂದೇ ದಿನ ಲೋಕಕ್ಕೆ ಕಾಲಿಟ್ಟಿದ್ದವು. ಹೀಗೆ ಹಿರಿಕಿರಿ ಇಲ್ಲದಾಗ, ಎರಡನ್ನೂ ಕೂಡಿಸಿದವರು ಯಾವುದನ್ನು ಆರಿಸುತ್ತಾರೋ ಅದೇ ನಿಲ್ಲುತ್ತದೆ. ಕೂಡಿಸಿದವಳು ಕಡ್ಡಿ. ಅಂದರೆ ತೀರ್ಮಾನ ಅವಳದು. ಪ್ರಬಂಧವನ್ನು ಸಂಜೆಯೊಳಗೆ ಕಳಿಸಬೇಕು, ಇಡೀ ದಿನ ಲ್ಯಾಬಿನಲ್ಲೇ ಇರುತ್ತೇನೆ, ಹೇಳುವುದೇನಾದರೂ ಇದ್ದರೆ ಬಂದು ಹೇಳಿ ಸರ್ ಎಂದು ಫೋನಿಟ್ಟಳು.

“ಹೋದ್ರೆ ಹೋಗ್ಲಿ ಬಿಡಿ,” ಎಂದಳು ಹೆಂಡತಿ. “ಒಂದು ಹುಳಕ್ಕೆ ಇಟ್ಟ ಹೆಸರು ತಾನೇ.”

ಬೇರೆ ದಿನವಾಗಿದ್ದರೆ ಮೇಷ್ಟ್ರು ಹುಳವೇ ಬೇರೆ ಬ್ಯಾಕ್ಟೀರಿಯಾವೇ ಬೇರೆ ಎಂದು ಪಾಠ ಶುರುಮಾಡುತ್ತಿದ್ದರು. ಇವತ್ತು ಸುಮ್ಮನಿದ್ದರು. ಯಾಕೆಂದರೆ ಹೆಂಡತಿ ತೊಳೆದು ಬೋರಲು ಹಾಕಿದ್ದ ಪಾತ್ರೆಯನ್ನೇ ಮತ್ತೆ ಎತ್ತಿಕೊಂಡು ಉಜ್ಜುತ್ತಿದ್ದಳು.

ಗುಬ್ಬಿ ಎಂದರೆ ಆಕೆಯೇ. ಮೇಷ್ಟ್ರು ಹುಡುಗರಾಗಿದ್ದಾಗ, ಚಮಚ ಹಿಡಿದು ಊರೆಲ್ಲ ಸುತ್ತಿ ಮಣ್ಣು ಕೂಡಿಸುತ್ತಿದ್ದ ದಿನಗಳಲ್ಲಿ, ಬೀದಿಯ ತುದಿಯ ಮನೆಯೊಂದರ ಹಿತ್ತಲಿಗೆ ಹೋಗಿದ್ದರು. ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಸದಾ ಒದ್ದೆಯಾಗಿರುವ ಕಪ್ಪು ಮಣ್ಣು. ಕಲ್ಲಿನ ಮೇಲೆ ಕಾಲು ಮಡಚಿ ಕೂತು ಪುಸ್ತಕ ಓದುತ್ತಿದ್ದ ಹುಡುಗಿ ಒಂದು ಕ್ಷಣವೂ ಸುಮ್ಮನಿರದೆ, ಓದುತ್ತಿದ್ದುದಕ್ಕೆಲ್ಲ ತಾನೇ ಜೋರಾಗಿ ಉತ್ತರ ಕೊಡುತ್ತಿದ್ದಳು. ಒಂದು ಚಮಚ ಮಣ್ಣು ಬೇಕಿತ್ತು ಎಂದದ್ದಕ್ಕೆ, ಒಂದು ಸಾಕಾ ಎಂದು ಕೇಳಿದಳು. ಸಾಕಾಗಲಿಲ್ಲ. ಮುಂದಿನ ವಾರ ಇನ್ನೊಂದು ಚಮಚ ಬೇಕಾಯಿತು, ಅದರ ಮುಂದಿನ ವಾರ ಮತ್ತೊಂದು. ಆಕೆಯ ಅಪ್ಪ ಇದನ್ನು ಕೆಲವು ವಾರ ಸಹಿಸಿಕೊಂಡು, ಕೊನೆಗೆ ಒಂದು ದಿನ, ಇಷ್ಟು ದಿನ ಒಯ್ದ ಮಣ್ಣು ಏನಾಯಿತಪ್ಪ ಎಂದು ನೇರವಾಗಿ ಕೇಳಿದರು. ಬೆಳೀತಾ ಇದೆ ಸರ್ ಎಂದು ಹುಡುಗ ತಲೆ ತಗ್ಗಿಸಿ ಹೇಳಿದ. ಮಣ್ಣಿನ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ.

ಆ ಮಣ್ಣಿನಲ್ಲೇ ಒಂದು ಹೊಸ ಬ್ಯಾಕ್ಟೀರಿಯಾ ಸಿಕ್ಕಿತು. ಅಷ್ಟರಲ್ಲಿ ಮದುವೆಯೂ ಆಗಿತ್ತು. ಮನೆಯಲ್ಲಿ ಚಿಲಿಪಿಲಿ ಎನ್ನುತ್ತ ಓಡಾಡುತ್ತಿದ್ದ ಹೊಸ ಹೆಂಡತಿಯನ್ನು ಅವರು ಕರೆಯುತ್ತಿದ್ದುದು ಗುಬ್ಬಿ ಎಂದು. ಬ್ಯಾಕ್ಟೀರಿಯಾಕ್ಕೂ ಅದೇ ಹೆಸರು ಇಟ್ಟು, ಹಿಂದೆ ಒಂದು ಲ್ಯಾಟಿನ್ ಬಾಲ ಸಿಕ್ಕಿಸಿ, ಪತ್ರಿಕೆಗೆ ಕಳಿಸಿದರು.

ಆಮೇಲೆ ಮಕ್ಕಳಾದರು. ಮಕ್ಕಳ ಎದುರಿಗೆ ಗುಬ್ಬಿ ಎಂದು ಕರೆಯಲು ನಾಚಿಕೆಯಾಯಿತು. ಅಳಿಯ ಬಂದ, ಸೊಸೆ ಬಂದಳು. ಗುಬ್ಬಿ ಹೋಗಿ ‘ಇಲ್ಲಿ ಕೇಳು’ ಬಂತು, ‘ಇಲ್ಲಿ ಕೇಳು’ ಸವೆದು ‘ಏನೇ’ ಆಯಿತು. ಈಗಂತೂ ಒಂದು ಕೆಮ್ಮಿನಲ್ಲೇ ಸಂಸಾರ ನಡೆಯುತ್ತಿತ್ತು. ಹಾಗಾಗಿ ಗುಬ್ಬಿ ಎಂಬ ಹೆಸರು ಈ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ಆ ಬ್ಯಾಕ್ಟೀರಿಯಾದಲ್ಲಿ ಮಾತ್ರ. ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಆ ಮಾತನ್ನು ಎತ್ತುತ್ತಿರಲಿಲ್ಲ. ಏನೇ ಆಗಲಿ ಆ ಹೆಸರನ್ನು ಬಿಟ್ಟುಕೊಡಬಾರದು ಎಂದು ಮೇಷ್ಟ್ರು ನಿಂತ ಕಾಲಲ್ಲೇ ತೀರ್ಮಾನ ಮಾಡಿದರು.

ಮೇಷ್ಟ್ರು ಸ್ಕೂಟರ್ ಹೊರಗೆ ತೆಗೆಯುವಷ್ಟರಲ್ಲಿ ವಕೀಲರು ಕರಿ ಕೋಟು ಹಾಕಿಕೊಂಡು ಗೇಟಿನ ಬಳಿ ನಿಂತಿದ್ದರು. ಕೋರ್ಟು ಬಿಟ್ಟು ವರ್ಷಗಳಾಗಿದ್ದರಿಂದ ಕೋಟಿನ ಗುಂಡಿ ಹೊಟ್ಟೆಯ ಬಳಿ ಕಾಜದ ಹತ್ತಿರ ಬರಲು ಒಪ್ಪುತ್ತಿರಲಿಲ್ಲ. ಇಷ್ಟು ವರ್ಷ ಎದುರಾಳಿಯ ಆಕ್ಷೇಪಣೆಯಿಲ್ಲದೆ ಅನುಭವಿಸಿಕೊಂಡು ಬಂದ ಹೆಸರಿಗೆ ಅನುಭೋಗದ ಹಕ್ಕು ಹುಟ್ಟಿರುತ್ತದೆ, ಇದು ಗೆಲ್ಲುವ ಕೇಸು ಎಂದು ಅವರು ಹೇಳಿ, ಯಾರೂ ಕರೆಯದೆಯೇ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು. ದಾರಿಯುದ್ದಕ್ಕೂ ಮೇಷ್ಟ್ರ ಮಂದವಾದ ಬಲಗಿವಿಗೇ ಕಾನೂನು ಹೇಳಿದ್ದರಿಂದ ಅಷ್ಟೇನೂ ತೊಂದರೆಯಾಗಲಿಲ್ಲ.

ಮೇಷ್ಟ್ರ ಮನಸ್ಸಿನಲ್ಲಿದ್ದದ್ದು ಗಾಜು ಮೇಷ್ಟ್ರು. ಒಂದು ಕಾಲದಲ್ಲಿ ಇಬ್ಬರದೂ ಒಂದೇ ಮೇಜು, ಒಂದೇ ಸೂಕ್ಷ್ಮದರ್ಶಕ, ಒಂದೇ ಕುರ್ಚಿ. ಒಬ್ಬ ಕೂತು ನೋಡಿದರೆ ಇನ್ನೊಬ್ಬ ನಿಂತು ಬರೆದುಕೊಳ್ಳುವುದು. ಲೋಟ, ನಳಿಗೆಗಳನ್ನು ಮೂರು ಮೂರು ಸಲ ತೊಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದುದರಿಂದ ಅವರಿಗೆ ಗಾಜು ಎಂಬ ಹೆಸರು ಬಿದ್ದಿತ್ತು. ಅವರೂ ಆಗಷ್ಟೇ ಮದುವೆಯಾಗಿ, ಹೆಂಡತಿಯ ಹೂಕುಂಡದ ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಹಿಡಿದು, ಹೆಂಡತಿಯನ್ನು ಪ್ರೀತಿಯಿಂದ ಕರೆಯುತ್ತಿದ್ದ ಚುಕ್ಕಿ ಎಂಬ ಹೆಸರನ್ನೇ ಇಟ್ಟಿದ್ದರು. ಅಂಚೆಚೀಟಿಯ ಖರ್ಚು ಉಳಿಸೋಣ ಎಂದು ಇಬ್ಬರೂ ತಮ್ಮ ಪ್ರಬಂಧಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ ಕಳಿಸಿದ್ದು. ಅದೇ ಇವತ್ತು ಕುತ್ತಿಗೆಗೆ ಬಂದಿತ್ತು.

ಹೆಂಡತಿಯ ಹೆಸರಿಡುವ ಯೋಚನೆ ಮೊದಲು ಯಾರಿಗೆ ಹೊಳೆದದ್ದು ಎಂಬ ಪ್ರಶ್ನೆ ಒಂದು ದಿನ ಟೀ ಕುಡಿಯುವಾಗ ತಮಾಷೆಗೆ ಬಂತು. ನನ್ನನ್ನು ನೋಡಿ ನೀನು ಕಾಪಿ ಹೊಡೆದೆ ಎಂದು ಇವರು, ನೀನು ಹೊಡೆದೆ ಎಂದು ಅವರು. ತಮಾಷೆ ಬಿಸಿಯಾಯಿತು, ಬಿಸಿಯಾದದ್ದು ಆರಲೇ ಇಲ್ಲ. ಕುರ್ಚಿ ಎರಡಾಯಿತು, ಕೋಣೆ ಎರಡಾಯಿತು, ಮಾತು ನಿಂತಿತು. ಚುಕ್ಕಿ ತೀರಿಕೊಂಡಾಗ ಮೇಷ್ಟ್ರು ಹೋಗಿ, ಬಾಗಿಲಲ್ಲಿ ನಿಂತು, ಏನು ಹೇಳಬೇಕೆಂದು ತೋಚದೆ ಹಾಗೇ ವಾಪಸು ಬಂದಿದ್ದರು. ಆ ನಾಚಿಕೆಯೇ ಮುಂದೆ ಜಗಳಕ್ಕಿಂತ ದೊಡ್ಡ ಗೋಡೆಯಾಯಿತು.

ಲ್ಯಾಬು ಮುಟ್ಟುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಮುಟ್ಟಿತ್ತು. ಟೀ ಕುಡಿಯುವ ಕೋಣೆಯಲ್ಲಿ ಆಗಲೇ ಎರಡು ಪಕ್ಷಗಳಾಗಿದ್ದವು. ಕಿಟಕಿಯ ಕಡೆಯವರು ಗುಬ್ಬಿ ಪಕ್ಷ, ಬಾಗಿಲ ಕಡೆಯವರು ಚುಕ್ಕಿ ಪಕ್ಷ. ಇವರಲ್ಲಿ ಅರ್ಧ ಜನ ಆ ಬ್ಯಾಕ್ಟೀರಿಯಾಗಳನ್ನು ಕಣ್ಣಿಂದ ಕಂಡವರೂ ಅಲ್ಲ. ಯಾವ ಪಕ್ಷಕ್ಕೂ ಸೇರದೆ ಎರಡೂ ಕಡೆಗೆ ಸಲಹೆ ಕೊಡುತ್ತಿದ್ದವರು ಆಫೀಸಿನ ಹೆಡ್ ಕ್ಲರ್ಕ್. ಅವರು ಮೇಷ್ಟ್ರನ್ನು ಮೂಲೆಗೆ ಕರೆದೊಯ್ದು ದನಿ ತಗ್ಗಿಸಿದರು.

“ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ ಮೇಷ್ಟ್ರೇ. ವಸ್ತು ತಗೊಂಡು ಹೋಗಿ ಮುಂದೆ ಇಡಿ. ಕಣ್ಣೆದುರಿಗೆ ವಸ್ತು ಇದ್ರೆ ಮನುಷ್ಯರಿಗೆ ಇಲ್ಲ ಅನ್ನೋಕೆ ಕಷ್ಟ.”

ಮೇಷ್ಟ್ರಿಗೆ ಅದು ಒಪ್ಪಿಗೆಯಾಯಿತು. ಮೂಲ ಗುಬ್ಬಿಯನ್ನು ಒಣಗಿಸಿ, ಒಂದು ಪುಟ್ಟ ಗಾಜಿನ ನಳಿಗೆಯಲ್ಲಿ ಮುಚ್ಚಿ, ದೊಡ್ಡ ಫ್ರೀಜರಿನಲ್ಲಿ ಇಟ್ಟಿದ್ದರು. ಅದರ ಮೇಲಿನ ಚೀಟಿ ಬರೆದವಳು ಹೊಸ ಮದುಮಗಳಾಗಿದ್ದ ಹೆಂಡತಿ. ಮೇಷ್ಟ್ರ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ತಾನೇ ಲ್ಯಾಬಿಗೆ ಬಂದು, ನಗುತ್ತ, ಗುಂಡಗೆ ಬರೆದುಕೊಟ್ಟಿದ್ದಳು. ಆ ಚೀಟಿ ನೋಡಿದರೆ ಕಡ್ಡಿಯ ಕರುಳು ಚುರುಕ್ ಎನ್ನದೆ ಇರದು. ಮೇಷ್ಟ್ರು ವಕೀಲರನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ, ಎಲ್ಲಿಗೂ ಹೋಗಬೇಡಿ, ಯಾರ ಹತ್ತಿರವೂ ಮಾತಾಡಬೇಡಿ ಎಂದು ಹೇಳಿ ಫ್ರೀಜರಿನ ಕೋಣೆಗೆ ಹೋದರು.

ಫ್ರೀಜರು ಮೇಷ್ಟ್ರ ಜೊತೆಯಲ್ಲೇ ಕೆಲಸಕ್ಕೆ ಸೇರಿದ್ದು. ಒಳಗೆ ವರ್ಷಗಳ ಮಂಜು ಕಟ್ಟಿ, ಕೆಳಗಿನ ಡ್ರಾಯರು ಕಲ್ಲಾಗಿತ್ತು. ಮೇಷ್ಟ್ರು ಮೊದಲು ಮೆಲ್ಲಗೆ ಎಳೆದರು, ಆಮೇಲೆ ಜೋರಾಗಿ ಎಳೆದರು, ಆಮೇಲೆ ಒಂದು ಕಾಲನ್ನು ಫ್ರೀಜರಿಗೆ ಒತ್ತಿ ಕೊಟ್ಟು ಎಳೆದರು. ಡ್ರಾಯರು ಬರಲಿಲ್ಲ, ಫ್ರೀಜರೇ ಬಂತು. ಅದು ಹಠ ಮಾಡುವ ಎಮ್ಮೆಯ ಹಾಗೆ ಎರಡು ಹೆಜ್ಜೆ ಮುಂದೆ ನಡೆದು ನಿಂತಾಗ ಹಿಂದಿನ ಪ್ಲಗ್ಗು ಕಳಚಿತು. ಅಪಾಯದ ಸೈರನ್ನು ಕೂಗತೊಡಗಿತು. ಸೈರನ್ನು ಯಾಕೆ ಕೂಗುತ್ತಿದೆಯೆಂದು ತಿಳಿಯದ ಯಾರೋ ಬೆಂಕಿಯ ಗಂಟೆ ಬಾರಿಸಿದರು. ಗಂಟೆ ಕೇಳಿ ಇಡೀ ಸಂಸ್ಥೆ, ಟೀ ಲೋಟಗಳ ಸಮೇತ, ಅಂಗಳಕ್ಕೆ ಓಡಿತು. ಗುಬ್ಬಿ ಪಕ್ಷ ಮತ್ತು ಚುಕ್ಕಿ ಪಕ್ಷ ಆ ದಿನ ಒಟ್ಟಿಗೆ ಮಾಡಿದ ಕೆಲಸ ಅದೊಂದೇ.

ಹೆಡ್ ಕ್ಲರ್ಕ್ ಇಬ್ಬರನ್ನು ಕರೆದುಕೊಂಡು ಒಳಗೆ ಬಂದಾಗ ಮೇಷ್ಟ್ರ ತಲೆ ಮತ್ತು ಒಂದು ಕೈ ಫ್ರೀಜರಿನ ಒಳಗಿದ್ದವು. ಅಂಗಿಯ ತೋಳು ಮಂಜಿಗೆ ಅಂಟಿಕೊಂಡಿತ್ತು. ಮೂವರೂ ಸೊಂಟ ಹಿಡಿದು ಎಳೆದರು. ಮೇಷ್ಟ್ರು ಹೊರಗೆ ಬಂದರು, ಡ್ರಾಯರೂ ಬಂತು, ಡ್ರಾಯರಿನಿಂದ ಗುಬ್ಬಿಯ ನಳಿಗೆಯೂ ಬಂದು ನೆಲಕ್ಕೆ ಬಿದ್ದು ಚೂರಾಯಿತು. ಮೇಷ್ಟ್ರು ಮಂಜು ಹಿಡಿದ ಕನ್ನಡಕ ಒರೆಸಿಕೊಂಡು ಕೆಳಗೆ ಬಗ್ಗುವಷ್ಟರಲ್ಲಿ, ಗಾಜು ಯಾರ ಕಾಲಿಗಾದರೂ ಚುಚ್ಚೀತು ಎಂದು ನೆಲ ಒರೆಸುವ ಹೆಂಗಸು ಫಿನಾಯಿಲಿನ ಬಟ್ಟೆಯಿಂದ ಎಲ್ಲವನ್ನೂ ಬಳಿದು ಬಕೆಟ್ಟಿಗೆ ಹಿಂಡಿದ್ದಳು. ಗುಂಡಗಿನ ಅಕ್ಷರದ ಚೀಟಿ ಒಂದು ಸಲ ತೇಲಿ, ಶಾಯಿ ಬಿಟ್ಟು, ಮುಳುಗಿತು.

ಕಡ್ಡಿಯ ಬಳಿ ಗುಬ್ಬಿಯ ಇನ್ನೊಂದು ನಳಿಗೆ ಇದ್ದುದರಿಂದ ವಿಜ್ಞಾನಕ್ಕೇನೂ ನಷ್ಟವಾಗಲಿಲ್ಲ. ನಷ್ಟವೆಲ್ಲ ಮೇಷ್ಟ್ರದೇ. ನಿರ್ದೇಶಕರು ಬಂದು, ಫ್ರೀಜರು ನೋಡಿ, ಮೇಷ್ಟ್ರನ್ನು ನೋಡಿ, ಏನೂ ಹೇಳದೆ ಹೋದರು. ಬೈದಿದ್ದರೆ ವಾಸಿಯಿತ್ತು.

ಒದ್ದೆ ಅಂಗಿಯಲ್ಲಿ ನಡುಗುತ್ತ ಮೇಷ್ಟ್ರು ಕಾರಿಡಾರಿಗೆ ಬಂದರೆ ವಕೀಲರು ಬೆಂಚಿನ ಮೇಲೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕಡೆಯ ಕೋಣೆಯೊಂದರಿಂದ, ಕೇಸು ಗೆದ್ದವರ ನಡಿಗೆಯಲ್ಲಿ ಬಂದರು. ತೀರ್ಮಾನ ಮಾಡುವ ದೊಡ್ಡವರ ಹತ್ತಿರವೇ ಎಲ್ಲ ಹೇಳಿ ಮುಗಿಸಿದ್ದೇನೆ ಎಂದರು.

“ದೊಡ್ಡವರು ಅಂದ್ರೆ ಯಾರು?”

“ಅವರೇ, ಬಿಳಿ ಗಡ್ಡ. ಹೊರಗೆ ಗಂಟೆ ಹೊಡೀತಿದ್ರೂ ಕೂತ ಜಾಗ ಬಿಟ್ಟು ಏಳದೆ ಗಾಜಿನ ಲೋಟ ಒರೆಸ್ತಾ ಕೂತಿದ್ರಲ್ಲ. ಆ ಗಾಂಭೀರ್ಯ ನೋಡಿದ ಕೂಡ್ಲೇ ಗೊತ್ತಾಯ್ತು, ಇವರೇ ಇಲ್ಲಿ ಜಡ್ಜು ಅಂತ.”

ಮೇಷ್ಟ್ರಿಗೆ ನಡುಕ ನಿಂತು ಬೆವರು ಬಂತು. ವಕೀಲರು ಹೋಗಿ ವಾದ ಮಾಡಿದ್ದು ಗಾಜು ಮೇಷ್ಟ್ರ ಎದುರಿಗೆ. ಏನೇನು ಹೇಳಿದಿರಿ ಎಂದು ಕೇಳಿದರೆ, ವಕೀಲರು ಒಂದನ್ನೂ ಬಿಟ್ಟಿರಲಿಲ್ಲ. ಆ ಹೆಂಗಸು ಬೆಳಿಗ್ಗೆ ಫೋನು ಕೇಳಿ ತೊಳೆದ ಪಾತ್ರೆಯನ್ನೇ ತೊಳೆದದ್ದು, ಬಾಯಲ್ಲಿ ಹೋಗಲಿ ಬಿಡಿ ಎಂದದ್ದು, ಗಂಡ ಆ ಹೆಸರಿನಿಂದ ಕರೆಯುವುದನ್ನು ಬಿಟ್ಟು ಯಾವ ಕಾಲವಾಯಿತೋ ಎಂಬುದು, ಈಗ ಬರೀ ಕೆಮ್ಮುತ್ತಾನೆ ಎಂಬುದು, ಎಲ್ಲವೂ ಬಂದಿತ್ತು. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದರೆ, ಗೋಡೆ ಒಂದೇ ತಾನೇ ನಡುವೆ ಇರೋದು ಎಂದರು.

“ಅವರು ಏನಂದರು?”

“ಏನೂ ಅನ್ನಲಿಲ್ಲ. ಲೋಟ ಕೆಳಗಿಟ್ಟು ಎದ್ದು ಹೋದ್ರು. ಎದುರು ವಾದಕ್ಕೆ ಮಾತಿಲ್ಲ ಅಂದ್ರೆ ನಾವು ಗೆದ್ದ ಹಾಗೇನೇ.”

ಗೆದ್ದ ಹಾಗಲ್ಲ, ಮಾನ ಹೋದ ಹಾಗೆ ಎಂದು ಮೇಷ್ಟ್ರಿಗೆ ಅನ್ನಿಸಿತು. ಇಷ್ಟು ವರ್ಷ ತಲೆ ಎತ್ತಿ ಎದುರಿಗೆ ಓಡಾಡಿದ ಮನುಷ್ಯನ ಮುಂದೆ ತನ್ನ ಮನೆಯ ಒಳಕೋಣೆಯ ಬಾಗಿಲು ತೆಗೆದು ತೋರಿಸಿದ ಹಾಗಾಗಿತ್ತು. ಹೋಗಿ ಎರಡು ಮಾತು ನೇರವಾಗಿ ಹೇಳಿಬಿಡುತ್ತೇನೆ, ಕರುಣೆ ಬೇಡಲು ನಾನು ಯಾರನ್ನೂ ಕಳಿಸಿಲ್ಲ ಎಂದು ಹೇಳುತ್ತೇನೆ ಎಂದುಕೊಂಡು, ವರ್ಷಗಟ್ಟಲೆ ಕಾಲಿಡದಿದ್ದ ಆ ಕೋಣೆಗೆ ನುಗ್ಗಿದರು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೆ ಮಳೆಯ ವಾಸನೆ ಇತ್ತು.

ಹೊರಗೆ ಬಿಸಿಲು ಉರಿಯುತ್ತಿತ್ತು, ಒಳಗೆ ಈಗಷ್ಟೇ ಮೊದಲ ಮಳೆ ಬಿದ್ದ ಹಾಗೆ ಹಸಿಮಣ್ಣಿನ ವಾಸನೆ. ಮೇಜಿನ ಮೇಲೆ ಒಂದು ಗಾಜಿನ ತಟ್ಟೆ ಮುಚ್ಚಳ ಸರಿದು ಕೂತಿತ್ತು. ಅದರ ತುಂಬ ಬಿಳಿ ಬಿಳಿ ಚುಕ್ಕಿಗಳು ಬೆಳೆದಿದ್ದವು. ಮುಚ್ಚಳದ ಮೇಲಿದ್ದದ್ದು ಈ ತಿಂಗಳ ತಾರೀಖು. ಮೇಷ್ಟ್ರು ನಿಂತಲ್ಲೇ ನಿಂತರು. ಆ ವಾಸನೆಗೆ ಅವರಿಗೆ ಒಗೆಯುವ ಕಲ್ಲು ಕಂಡಿತು, ಕಲ್ಲಿನ ಮೇಲಿನ ಹುಡುಗಿ ಕಂಡಳು. ಒಂದೇ ಕುರ್ಚಿಯ ಹಳೆಯ ಕೋಣೆ, ಅಲ್ಲಿ ಮಧ್ಯಾಹ್ನ ಹೊತ್ತು ಗುಬ್ಬಿ ಕಳಿಸಿದ ಬುತ್ತಿಯನ್ನು ಅರ್ಧ ಅರ್ಧ ಹಂಚಿಕೊಂಡು ತಿಂದದ್ದು, ಬೂದು ಬಣ್ಣದ ತನ್ನದನ್ನೂ ಬಿಳಿ ಬಣ್ಣದ ಅವನದನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಬೇರೆ ಬೇರೆ ಅಲ್ಲವೇನೋ ಎಂದು ಇಬ್ಬರೂ ಬೆರಗಾದದ್ದು, ಎಲ್ಲ ನೆನಪಾಯಿತು. ಬೇರೆಯಾಗಿದ್ದದ್ದು ಅವಕ್ಕೆ ತಾವು ಹಾಕುತ್ತಿದ್ದ ಊಟ ಮಾತ್ರ, ಬಣ್ಣ ಬದಲಾದದ್ದು ಅದರಿಂದ. ಅಷ್ಟು ಸಣ್ಣ ವಿಷಯ ಅವತ್ತು ಯಾರಿಗೂ ಹೊಳೆಯಲಿಲ್ಲ.

ಹಿಂದಿನಿಂದ ಹೆಜ್ಜೆ ಕೇಳಿಸಿತು. ಗಾಜು ಮೇಷ್ಟ್ರು ಎಲ್ಲಿಗೋ ಹೋಗಿದ್ದವರು ವಾಪಸು ಬಂದು ಬಾಗಿಲಲ್ಲಿ ನಿಂತಿದ್ದರು. ಸಿಟ್ಟಿನ ಎರಡು ಮಾತು ಹೇಳಲು ಬಂದಿದ್ದ ಮೇಷ್ಟ್ರ ಬಾಯಿಂದ ಬೇರೆಯೇ ಮಾತು ಬಂತು.

“ಇನ್ನೂ ಬೆಳೆಸ್ತಾ ಇದ್ದೀಯಾ ಇದನ್ನ?”

“ಹೂಂ,” ಎಂದರು ಗಾಜು ಮೇಷ್ಟ್ರು, ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವವರ ಹಾಗೆ. “ಫ್ರೀಜರಿಗೆ ಹಾಕಿದ್ರೆ ಉಳಿಯತ್ತೆ. ಆದ್ರೆ ವಾಸನೆ ಬರಲ್ಲ ನೋಡು.”

“ಆ ಕುಂಡ...”

“ಕುಂಡ ಒಡೆದುಹೋಗಿ ಯಾವ ಕಾಲ ಆಯ್ತು. ಮಣ್ಣೂ ಇಲ್ಲ. ಅವಳು ಮುಟ್ಟಿದ್ದರಲ್ಲಿ ಜೀವ ಇರೋದು ಇದೊಂದೇ.” ಮುಚ್ಚಳ ಸರಿಪಡಿಸುತ್ತ, “ನಿನ್ನ ವಕೀಲರು ಬಂದಿದ್ರು. ಅವರ ಮಾತು ಕೇಳಿದ ಮೇಲೆ ನಾನು...” ಎಂದು ಶುರುಮಾಡಿದರು.

ವಕೀಲರ ಹೆಸರು ಬಂದ ಕೂಡಲೇ ಮೇಷ್ಟ್ರಿಗೆ ಕಿವಿ ಬಿಸಿಯಾಯಿತು. ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಾರಾಯ ಎಂದು ಅರ್ಧದಲ್ಲೇ ತಡೆದು, ಗೆಳೆಯನ ಹೆಗಲನ್ನು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟು, ಹೊರಗೆ ಬಂದರು. ಕಾಲು ತಾನಾಗಿ ಕಡ್ಡಿಯ ಕೋಣೆಗೆ ನಡೆಯಿತು. ಗುಬ್ಬಿ ಮನೆಯಲ್ಲಿದ್ದಾಳೆ, ಪಾತ್ರೆ ತೊಳೆಯುತ್ತಾಳೆ, ಬೇಕೆಂದರೆ ಕರೆಯಬಹುದು. ಚುಕ್ಕಿಯನ್ನು ಕರೆಯಲು ಅವನಿಗೆ ಉಳಿದಿರುವುದು ಆ ಒಂದು ತಟ್ಟೆ.

“ಕಡ್ಡಿ, ಚುಕ್ಕಿ ಅಂತಾನೇ ಇಟ್ಟುಬಿಡು,” ಎಂದರು, ಬಾಗಿಲಲ್ಲೇ ನಿಂತು. “ನಮ್ಮ ಮನೇಲೂ ಒಪ್ಪಿಗೆ ಇದೆ. ಬೆಳಿಗ್ಗೇನೇ ಹೋಗ್ಲಿ ಬಿಡಿ ಅಂದಿದಾಳೆ.”

“ಸರ್, ಒಂದು ನಿಮಿಷ. ಈಗ ತಾನೇ...”

“ಏನೂ ಹೇಳಬೇಡ. ಇನ್ನೊಂದು ನಿಮಿಷ ನಿಂತರೆ ನನ್ನ ಮನಸ್ಸು ಬದಲಾಗತ್ತೆ.”

ಮೇಷ್ಟ್ರು ಪಾಠ ಮಾಡುವಾಗಲೂ ಹಾಗೆಯೇ, ವಿದ್ಯಾರ್ಥಿಗಳ ಪ್ರಶ್ನೆ ಪೂರ್ತಿಯಾಗುವ ಮೊದಲೇ ಉತ್ತರ ಹೇಳಿ ಮುಂದಿನ ಪುಟಕ್ಕೆ ಹೋಗುವವರು. ಕಡ್ಡಿ ಕುರ್ಚಿಯಿಂದ ಏಳುವಷ್ಟರಲ್ಲಿ ಅವರು ಮೆಟ್ಟಿಲಿಳಿದಾಗಿತ್ತು.

ವಕೀಲರನ್ನು ಆಟೋದಲ್ಲಿ ಕೂರಿಸಿ ಕಳಿಸಿ, ಮೇಷ್ಟ್ರು ಒಬ್ಬರೇ ಒಂದು ಪಾರ್ಕಿನಲ್ಲಿ ಕೂತರು. ಮೊದಲು ಮೈಯೆಲ್ಲ ಹಗುರಾದ ಹಾಗಿತ್ತು. ಬಿಸಿಲು ಇಳಿಯುತ್ತ ಬಂದ ಹಾಗೆ ಒಂದು ಭಯ ಹತ್ತಿತು. ತೊಳೆದ ಪಾತ್ರೆಯನ್ನೇ ಉಜ್ಜುತ್ತಿದ್ದ ಆ ಕೈ ಕಣ್ಣ ಮುಂದೆ ಬರತೊಡಗಿತು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಹತ್ತಾರು ರೀತಿ ಹೇಳಿಕೊಂಡರು. ಹೆಸರು ಹೋಗಿಬಿಟ್ಟಿತು ಎಂದರೆ ಸೋತುಬಂದ ಹಾಗಾಗುತ್ತದೆ. ನಾನೇ ಬಿಟ್ಟುಕೊಟ್ಟೆ ಎಂದರೆ ಅದಕ್ಕೊಂದು ದೊಡ್ಡತನವಿದೆ. ಅದೇ ಸರಿ ಎಂದುಕೊಂಡು ಸಂಜೆ ಮನೆಯ ದಾರಿ ಹಿಡಿದರು.

ಮನೆಯಲ್ಲಿ ಕಡ್ಡಿ ಕೂತಿದ್ದಳು. ಸರಿ, ಸುದ್ದಿ ಆಗಲೇ ಮುಟ್ಟಿದೆ. ಆದರೆ ಹೆಂಡತಿಯ ಮುಖ ನೋಡಿ ಮೇಷ್ಟ್ರು ಅವಾಕ್ಕಾದರು. ಆಕೆ ಏನೋ ಗುನುಗುತ್ತಿದ್ದಳು. ಬೆಳಗಿನ ಒದ್ದೆ ಕೈಯ ಹೆಂಗಸಲ್ಲ, ತಲೆ ಬಾಚಿಕೊಂಡು, ಒಂದು ಕಡೆ ನಿಲ್ಲದೆ ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತ, ಒಂದೇ ಸಮನೆ ಮಾತಾಡುತ್ತಿದ್ದಳು. ಎಷ್ಟು ದೊಡ್ಡ ಮನಸ್ಸು ಇವಳದು, ನೋವನ್ನು ಹೀಗೆ ಬಚ್ಚಿಡುತ್ತಿದ್ದಾಳಲ್ಲ ಎಂದು ಮೇಷ್ಟ್ರಿಗೆ ಕಣ್ಣು ತುಂಬಿಬಂತು.

“ನೋಡು,” ಎಂದು ಅವರು ಕೂರದೆ, ನಿಂತೇ ಶುರುಮಾಡಿದರು. “ಇದರಲ್ಲಿ ಕಡ್ಡಿಯದೇನೂ ತಪ್ಪಿಲ್ಲ. ನಾನೇ ಹೋಗಿ ಹೇಳಿದ್ದು, ಗುಬ್ಬಿ ಬೇಡ, ಚುಕ್ಕಿ ಇರಲಿ ಅಂತ. ನೀನು ಬೆಳಿಗ್ಗೆ ಹೋಗ್ಲಿ ಬಿಡಿ ಅಂದ ಮೇಲೇ ನನಗೆ ಅಷ್ಟು ಧೈರ್ಯ ಬಂದದ್ದು.”

ಕಡ್ಡಿ ಕೆಮ್ಮಿದಳು. ಕಣ್ಣಲ್ಲೇ ಏನೋ ಹೇಳಿದಳು. ಮೇಜಿನ ಕೆಳಗಿಂದ ಕಾಲು ಚಾಚಿ ಅವರ ಕಾಲನ್ನೂ ಒದ್ದಳು. ಮೇಷ್ಟ್ರು ನಿಲ್ಲಲಿಲ್ಲ. ತಟ್ಟೆ, ವಾಸನೆ, ಒಡೆದ ಕುಂಡ, ಗೆಳೆತನ, ತ್ಯಾಗ, ಪಾರ್ಕಿನಲ್ಲಿ ಜೋಡಿಸಿಕೊಂಡದ್ದೆಲ್ಲವನ್ನೂ ಒಂದೂ ಬಿಡದೆ ಹೇಳಿ ಮುಗಿಸಿದರು. ಮುಗಿಸಿ ನೋಡಿದರೆ ಹೆಂಡತಿ ಗುನುಗುವುದನ್ನು ನಿಲ್ಲಿಸಿದ್ದಳು.

“ಇವರು ಏನು ಹೇಳ್ತಾ ಇದಾರೆ?” ಎಂದು ಆಕೆ ಕೇಳಿದ್ದು ಕಡ್ಡಿಯನ್ನು.

ಕಡ್ಡಿಗೆ ಈಗ ಹೇಳದೆ ಗತಿಯಿರಲಿಲ್ಲ. ಹೆಸರು ಹೋಗಿರಲೇ ಇಲ್ಲ. ಮೇಷ್ಟ್ರು ಅವಳ ಕೋಣೆಗೆ ಬರುವುದಕ್ಕೆ ಸ್ವಲ್ಪ ಮುಂಚೆ ಗಾಜು ಮೇಷ್ಟ್ರು ಬಂದಿದ್ದರು. ಗುಬ್ಬಿಯ ಹೆಸರನ್ನೇ ಉಳಿಸು, ಬದುಕಿರುವವರ ಹೆಸರನ್ನು ಅವರ ಕಣ್ಣೆದುರಿಗೆ ಅಳಿಸಬಾರದು, ಚುಕ್ಕಿ ಇದ್ದಿದ್ದರೆ ಅವಳೇ ನನ್ನನ್ನು ತಳ್ಳಿಕೊಂಡು ಬಂದು ಹೀಗೆ ಹೇಳಿಸುತ್ತಿದ್ದಳು ಎಂದು ಹೇಳಿ, ಅವಳು ಪ್ರಬಂಧ ಕಳಿಸುವ ತನಕ ಅಲ್ಲೇ ನಿಂತಿದ್ದು ಹೋಗಿದ್ದರು. ಮೇಷ್ಟ್ರು ಬಂದು ತ್ಯಾಗ ಮಾಡುವ ಹೊತ್ತಿಗೆ ತ್ಯಾಗ ಮಾಡಲು ಏನೂ ಉಳಿದಿರಲಿಲ್ಲ.

“ಹೇಳೋಕೆ ಬಂದೆ ಸರ್, ನೀವು ಬಿಡಲಿಲ್ಲ,” ಎಂದಳು. “ಅಮ್ಮನಿಗೆ ಹೆಸರು ಉಳೀತು ಅಂತ ಮಾತ್ರ ಹೇಳಿದ್ದೆ. ನೀವೇ ಹೋರಾಡಿ ಉಳಿಸಿದಿರಿ ಅಂತ ಅವರೇ ಅಂದ್ಕೊಂಡ್ರು. ನಾನೂ ಸುಮ್ಮನಿದ್ದೆ.”

ನಡುವೆ ಒಂದೇ ಗೋಡೆ ಇದ್ದುದರಿಂದ, ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ವಕೀಲರ ಮುಖ ಕಾಣಿಸಿಕೊಂಡಿತು. ಹಾಗಾದರೆ ತಾವು ವಾದ ಮಾಡಿದ್ದು ಸರಿಯಾದ ಜಡ್ಜಿನ ಮುಂದೆಯೇ, ಕೇಸು ಗೆದ್ದದ್ದು ತಾವೇ ಎಂದು ಅವರು ವಿವರಿಸಿದರು. ಅದನ್ನು ಅಲ್ಲಗಳೆಯಲು ಯಾರಿಂದಲೂ ಆಗಲಿಲ್ಲ. ಹೆಂಡತಿ ಅವರಿಗೂ ಒಂದು ಲೋಟ ಕಾಫಿ ಕೊಟ್ಟು, ಕಡ್ಡಿಯನ್ನು ಗೇಟಿನ ತನಕ ಕಳಿಸಿ ಬಂದು, ಗಾಜು ಮೇಷ್ಟ್ರಿಗೆ ಫೋನು ಮಾಡಿ ತುಂಬ ಹೊತ್ತು ಮಾತಾಡಿದಳು. ನಕ್ಕಳು, ಒಂದು ಸಲ ಮೂಗು ಒರೆಸಿಕೊಂಡಳು. ಗಂಡನಿಗೆ ಮಾತ್ರ ಒಂದು ಮಾತೂ ಇಲ್ಲ.

ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾನು ಮಾಡಿದ್ದು ಅಷ್ಟು ದೊಡ್ಡ ತಪ್ಪೇನು ಎಂದು ಕೇಳಿದರು.

“ಮಾಡಿದ್ದು ತಪ್ಪಲ್ಲ,” ಎಂದಳು ಆಕೆ. “ನನ್ನ ಒಂದು ಮಾತು ಕೇಳಿದ್ರೆ ನಾನೇ ಚುಕ್ಕಿಗೆ ಕೊಡಿ ಅಂತಿದ್ದೆ. ನಾನು ಹೋಗ್ಲಿ ಬಿಡಿ ಅಂದದ್ದು ನೀವು ಬಿಡಲ್ಲ ಅನ್ನೋ ನಂಬಿಕೆ ಮೇಲೆ. ಅಷ್ಟೂ ಗೊತ್ತಾಗಲಿಲ್ವಾ ಇಷ್ಟು ವರ್ಷಕ್ಕೆ?”

ಮೇಷ್ಟ್ರು ಅಭ್ಯಾಸಬಲದಿಂದ ಕೆಮ್ಮಲು ಹೋದರು, ಅದನ್ನು ಅಲ್ಲೇ ತಡೆದುಕೊಂಡರು. ಗಂಟಲು ಸರಿಮಾಡಿಕೊಂಡು, ಎಷ್ಟೋ ವರ್ಷ ತೆರೆಯದ ಪೆಟ್ಟಿಗೆಯ ಮುಚ್ಚಳ ಎತ್ತುವವರ ಹಾಗೆ, ಮೆಲ್ಲಗೆ ಕರೆದರು.

“ಗುಬ್ಬೀ.”

ಆಕೆ ತಿರುಗಿದಳು. ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಎಲ್ಲ ಸರಿಹೋಯಿತು ಎಂದು ಮೇಷ್ಟ್ರಿಗೆ ಅನ್ನಿಸುವಷ್ಟರಲ್ಲಿ ಆಕೆ ಮತ್ತೆ ಒಲೆಯ ಕಡೆ ತಿರುಗಿದಳು.

“ಆ ಹೆಸರನ್ನ ನೀವು ಬಿಟ್ಟುಕೊಟ್ಟಾಯ್ತಲ್ಲ. ಉಳಿಸಿದ್ದು ಗಾಜು ಮೇಷ್ಟ್ರು. ಇನ್ಮೇಲೆ ಹಾಗೆ ಕರೀಬೇಕು ಅಂದ್ರೆ ಅವರನ್ನ ಕೇಳ್ಕೊಂಡು ಬನ್ನಿ.”

ಮೇಷ್ಟ್ರು ತಮಾಷೆಯಿರಬಹುದೆಂದು ಸ್ವಲ್ಪ ಹೊತ್ತು ಕಾದರು. ಆಕೆ ತಿರುಗಿ ನೋಡಲಿಲ್ಲ. ಆಮೇಲೆ ಅವರು ಹೊರಗೆ ಬಂದು, ಬಾಗಿಲ ಬಳಿ ಬಗ್ಗಿ, ಚಪ್ಪಲಿ ಹುಡುಕತೊಡಗಿದರು.